ವಿಮಾನದ ಸದ್ದಿಗೂ ಅಳತೆ ಇದೆ

ಎರಡು ಕೋಣೆಯ ಆ ಶಿಶುವಿಹಾರದಲ್ಲಿ ಮಕ್ಕಳಿಗೆ ಊಟ ಮಾಡಿಸಿ, ತಟ್ಟಿ ಮಲಗಿಸುವಷ್ಟರಲ್ಲಿ ತಾರಸಿಯ ಮೇಲೆ ವಿಮಾನ ಗುಡುಗುತ್ತಿತ್ತು. ಒಂದು ಮಗು ಬೆಚ್ಚಿ ಅತ್ತರೆ ಉಳಿದವೂ ರಾಗ ತೆಗೆಯುತ್ತಿದ್ದವು. ಆಗಲೇ ಮೂವರು ತಾಯಂದಿರು ಮಕ್ಕಳನ್ನು ಬಿಡಿಸಿಕೊಂಡು ಹೋಗಿದ್ದರು. ಹೀಗೇ ಆದರೆ ಬಾಗಿಲು ಹಾಕುವುದೇ ಸರಿ ಎಂದು ಟೀಚರಕ್ಕನಿಗೆ ಚಿಂತೆ ಹತ್ತಿತ್ತು.

ಒಂದು ದಿನ ಸದ್ದು ಅಳೆಯುವ ಇಂಜಿನಿಯರ್ ಹುಡುಗಿ ಬಂದಳು. "ಅಕ್ಕಾ, ನಿಮ್ಮ ತಾರಸಿ ಮೇಲೆ ಒಂದು ಮೈಕ್ ಇಡ್ಲಾ? ಮೂರು ವಾರ ಸಾಕು."

ಟೀಚರಕ್ಕನ ಅಣ್ಣ ಬಸ್ ಡ್ರೈವರ್. ಬೆಳಗಿನ ಪಾಳಿ ಮುಗಿಸಿ ಊಟಕ್ಕೆ ಕೂತಿದ್ದ. "ವಿಮಾನ ನಿಲ್ದಾಣದವ್ರಿಗೆ ಎಷ್ಟು ಅರ್ಜಿ ಕೊಟ್ವಿ! ಕಂಪ್ಯೂಟರ್ ಲೆಕ್ಕದಲ್ಲಿ ನಿಮ್ಮ ಬೀದೀಲಿ ಸದ್ದು ಕಮ್ಮಿ ಅಂದ್ರು. ಆ ಕಂಪ್ಯೂಟರನ್ನ ಇಲ್ಲಿ ತಂದು ಮಲಗಿಸಮ್ಮ, ಗೊತ್ತಾಗತ್ತೆ!"

ಹುಡುಗಿ ನಕ್ಕಳು. "ಆ ಲೆಕ್ಕ ಸರೀನಾ ಅಂತ ನೋಡೋಕೇ ಬಂದಿದೀನಿ ಅಣ್ಣ. ವಿಮಾನ ಇಷ್ಟು ಎತ್ತರದಲ್ಲಿ ಹೋಗತ್ತೆ, ಇಷ್ಟು ಸದ್ದು ಬರತ್ತೆ ಅಂತ ಅಂದಾಜು ಹಾಕಿರ್ತಾರೆ. ನಿಜವಾಗ್ಲೂ ಕೇಳೋದನ್ನ ಅಳೆದು ಅದರ ಪಕ್ಕ ಇಟ್ಟು ನೋಡಬೇಕು. ಆರು ದೇಶದವರು ಸೇರಿ ಒಂದೇ ಥರ ಅಳೀತಿದೀವಿ."

"ನಮ್ಮ ಒಂದು ಬೀದಿಗೆ ಆರು ದೇಶ ಯಾಕಮ್ಮ?"

"ಇಲ್ಲಿ ಹಾರಿದ್ದು ಅಲ್ಲಿ ಇಳಿಯತ್ತಲ್ವಾ? ಒಬ್ಬೊಬ್ರು ಒಂದೊಂದು ಥರ ಅಳೆದ್ರೆ ಯಾರ ಮಾತನ್ನ ಯಾರು ಒಪ್ತಾರೆ?"

ಅಣ್ಣ ತಲೆಯಾಡಿಸಿ ಮತ್ತೆ ಊಟಕ್ಕೆ ಕೈ ಹಾಕಿದ. ಟೀಚರಕ್ಕ ತಾರಸಿಯ ಬೀಗದ ಕೈ ತಂದುಕೊಟ್ಟಳು.

ಬೇರೆ ಸದ್ದು ವಿಮಾನದ ಲೆಕ್ಕಕ್ಕೆ ಸೇರಬಾರದೆಂದು ಟೀಚರಕ್ಕ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದಳು: ಲಾರಿ ಹಾರನ್, ಪಕ್ಕದ ಮನೆಯ ಡ್ರಿಲ್ಲು, "ಅಣ್ಣ ತಾರಸೀಲಿ ಸೀನಿದ್ದು, ಒಂದೂ ಹತ್ತು". ಎರಡನೇ ವಾರಕ್ಕೆ ಅಣ್ಣನೇ ಪೆನ್ನು ಕಸಿದುಕೊಂಡಿದ್ದ.

ಕೆಲವು ತಿಂಗಳ ಮೇಲೆ ಹುಡುಗಿ ಓಡೋಡಿ ಬಂದಳು. "ನೀವು ಹೇಳಿದ್ದೇ ನಿಜ ಅಕ್ಕ! ಬಿಸಿಲ ಹೊತ್ತಲ್ಲಿ ತುಂಬಿದ ವಿಮಾನ ನಿಧಾನಕ್ಕೆ ಮೇಲೇರತ್ತೆ, ನಿಮ್ಮ ಬೀದಿ ದಾಟೋವಾಗ ಇನ್ನೂ ತಗ್ಗಲ್ಲೇ ಇರತ್ತೆ, ಅದಕ್ಕೇ ಸದ್ದು ಜಾಸ್ತಿ. ಹಳೇ ಲೆಕ್ಕದಲ್ಲಿ ಅದನ್ನ ಹಿಡಿದೇ ಇರಲಿಲ್ಲ. ಇನ್ನೆರಡು ದೇಶದಲ್ಲೂ ಇದೇ ಸಿಕ್ಕಿದೆ. ಈಗ ಯಾರೂ ತಳ್ಳಿಹಾಕೋ ಹಾಗಿಲ್ಲ."

ನಿಲ್ದಾಣದವರು ಲೆಕ್ಕ ತಿದ್ದಿದರು. ಮಧ್ಯಾಹ್ನದ ವಿಮಾನಗಳು ಖಾಲಿ ಬಯಲಿನ ಕಡೆ ತಿರುಗಿದವು. ಸದ್ದು ಪೂರ್ತಿ ಹೋಗಲಿಲ್ಲ, ದೂರದ ಗುಂಯ್ ಅಷ್ಟೇ ಉಳಿಯಿತು. ಮೊದಲ ದಿನ ಒಂದು ಮಗುವೂ ಏಳಲಿಲ್ಲ. ಟೀಚರಕ್ಕ ಎಷ್ಟೋ ದಿನಗಳ ಮೇಲೆ ಕೂತು, ನಿಧಾನವಾಗಿ ಊಟ ಮಾಡಿದಳು.

ನಿಮ್ಮ ಬೀದಿಯ ಮೇಲೂ ವಿಮಾನ ಹಾರುತ್ತದೆಯೇ? ಬೈದು ಸುಮ್ಮನಾಗಬೇಡಿ. ಯಾವ ಹೊತ್ತಿಗೆ, ಎಷ್ಟು ಸಲ ಎಂದು ಬರೆದಿಡಿ. ಅಳೆಯುವವರು ಬಂದರೆ ಗುರುತಿನ ಚೀಟಿ ನೋಡಿ ಜಾಗ ಕೊಡಿ. ಅಹವಾಲು ಸಭೆಗೆ ಹೋಗಿ ಎದ್ದು ನಿಂತು ಕೇಳಿ: "ಲೆಕ್ಕ ಹಾಕಿದ್ದು ಆಯ್ತು ಸ್ವಾಮಿ, ನಮ್ಮ ಬೀದೀಲಿ ಅಳೆದು ನೋಡಿದೀರಾ?"