ಲಾಯರಮ್ಮನ ಸಹಿ

ಹತ್ತು ವರ್ಷದ ಆ ಹುಡುಗಿಗೆ ವಾರ್ಡಿನಲ್ಲೆಲ್ಲ ಲಾಯರಮ್ಮ ಎಂದೇ ಹೆಸರು. ಮಾತ್ರೆ ನುಂಗು ಎಂದರೆ ಯಾಕೆ ಅನ್ನುವಳು. ಜ್ವರ ಬರದಿರಲಿ ಅಂತ ಎಂದರೆ, "ನಿನ್ನೆ ನುಂಗಿದ್ನಲ್ಲ, ಮತ್ಯಾಕೆ ಬಂತು?" ಎಂದು ಅಡ್ಡಪ್ರಶ್ನೆ ಹಾಕುವಳು. ಡಾಕ್ಟರು ಕೂಡ ಅವಳ ಮಂಚದ ಹತ್ತಿರ ಬಂದಾಗ, "ವಾದ ಶುರು ಮಾಡೋಣ್ವಾ ಮೇಡಂ?" ಎನ್ನುತ್ತಿದ್ದರು. ಸಿಟಿ ಬಸ್ಸು ಓಡಿಸುವ ಅವಳ ಅಪ್ಪನಿಗೆ ಅದೇ ಹೆಮ್ಮೆ. ಡಿಪೋದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಮಗಳ ವಾದಗಳನ್ನು ಹೇಳಿ ನಗಿಸುತ್ತಿದ್ದ.

ರಕ್ತದ ಕ್ಯಾನ್ಸರ್ ಎರಡನೆಯ ಸಲ ಮರುಕಳಿಸಿದಾಗ ಡಾಕ್ಟರು ಅವನನ್ನು ಕೋಣೆಗೆ ಕರೆದು ಕೂರಿಸಿದರು.

"ನಮ್ಮ ಹತ್ರ ಇದ್ದ ಔಷಧಿ ಎಲ್ಲ ಮುಗೀತು. ಹೊಸದೊಂದರ ಮೇಲೆ ಸಂಶೋಧನೆ ನಡೀತಿದೆ, ಮಕ್ಕಳು ಎಷ್ಟು ತಡ್ಕೋತಾರೆ ಅಂತ ತಿಳಿಯೋಕೆ. ಮುಚ್ಚಿಡಲ್ಲ, ಇದರಿಂದ ನಿಮ್ಮ ಮಗಳು ಹುಷಾರಾಗ್ತಾಳೆ ಅಂತ ಹೇಳೋಕಾಗಲ್ಲ. ಮುಂದೆ ಬರೋ ಮಕ್ಕಳಿಗೆ ಉಪಯೋಗ ಆಗಬಹುದು."

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. 'ಹೊಸದು' ಎಂಬ ಮಾತೊಂದು ಬಿಟ್ಟು ಬೇರೇನೂ ಅವನ ತಲೆಗೆ ಹೋಗಲಿಲ್ಲ.

"ಎಲ್ಲಿ ಸಹಿ ಹಾಕ್ಲಿ ಸಾರ್?"

"ನಿಮ್ಮ ಸಹಿ ಒಂದೇ ಸಾಲದು. ಅವಳೂ ಒಪ್ಪಬೇಕು. ಸಿಸ್ಟರ್ ನಾಳೆ ಅವಳೊಬ್ಬಳ ಹತ್ರಾನೇ ಮಾತಾಡ್ತಾರೆ. ಅವಳು ಬೇಡ ಅಂದ್ರೆ ಬೇಡ."

ಹಿಂದಿನ ವಾರ ಬೆನ್ನುಮೂಳೆಗೆ ಸೂಜಿ ಚುಚ್ಚಿಸಿಕೊಂಡು ಬಂದ ಮಗಳು "ಇದೇ ಕೊನೆ" ಎಂದು ತೀರ್ಪು ಕೊಟ್ಟಾಗಿತ್ತು.

ಸಂಜೆ ಹೆಂಡತಿ ಬಟ್ಟೆ ಒಗೆಯಲು ಹೋಗಿದ್ದಾಗ ಅವನು ಮಂಚದ ಅಂಚಿಗೆ ಕೂತ.

"ನಾಳೆ ಸಿಸ್ಟರ್ ಹೊಸ ಔಷಧಿ ಕೊಡ್ಲಾ ಅಂತ ಕೇಳಿದ್ರೆ ಹೂಂ ಅನ್ನು ಕಂದ."

"ಬೆನ್ನಿಗೆ ಚುಚ್ತಾರಾ?"

"ವಾರಕ್ಕೊಂದ್ಸಲ."

"ಹಾಗಾದ್ರೆ ಬೇಡ."

ಬೇಡಿಕೊಂಡ, ಸೈಕಲ್ಲಿನ ಆಸೆ ತೋರಿಸಿದ, ಗದರಿದ. ಅವಳು ಜಗ್ಗಲಿಲ್ಲ. ಕೊನೆಗೆ ಆಡಬಾರದ ಮಾತು ಬಾಯಿಂದ ಬಂದೇಬಿಟ್ಟಿತು.

"ನೀನು ಬೇಡ ಅಂದ್ರೆ ಅಮ್ಮ ಬದುಕಲ್ಲ. ನಾನು ಹೀಗಂದೆ ಅಂತ ಯಾರಿಗೂ ಹೇಳ್ಬೇಡ."

ಮಾತಿಗೆ ಮಾತು ಕೊಡುವ ಹುಡುಗಿ ಅಂದು 'ಯಾಕೆ' ಅನ್ನಲಿಲ್ಲ. ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು.

ಮರುದಿನ ಸಿಸ್ಟರ್ ಪರದೆ ಎಳೆದು, ಚಿತ್ರಗಳಿದ್ದ ಹಾಳೆ ತೋರಿಸುತ್ತಾ ಅರ್ಧ ಗಂಟೆ ಮಾತಾಡಿದರು. ಹೊರಗೆ ನಿಂತಿದ್ದ ಅಪ್ಪನಿಗೆ ಮಗಳ ನಗು ಕೇಳಿಸಿತು.

"ಯಾರಾದ್ರೂ ಹೇಳ್ಕೊಟ್ರಾ ಅಂತ ಎರಡೆರಡು ಸಲ ಕೇಳ್ದೆ ಅಣ್ಣ," ಎಂದು ಸಿಸ್ಟರ್ ಹೊರಬಂದರು. "ನಂಗೇ ಹೇಳ್ಕೊಡೋರು ಇದಾರಾ ಅಂತಾಳೆ!" ಹಾಳೆಯ ಕೆಳಗೆ ದುಂಡನೆಯ ಅಕ್ಷರದಲ್ಲಿ ಅವಳ ಹೆಸರಿತ್ತು.

ಎರಡನೆಯ ವಾರಕ್ಕೆ ಬಾಯೆಲ್ಲ ಹುಣ್ಣಾಯಿತು. ಲಾಯರಮ್ಮನ ಮಾತು ನಿಂತುಹೋಯಿತು. ನೀರು ಬೇಕಾದರೆ ಬೆರಳು ತೋರಿಸುವಳು. ಪ್ರತಿ ಮಂಗಳವಾರ ಸೂಜಿಗೆ ಮಂಡಿ ಮಡಚಿ ಮುದುಡಿಕೊಂಡಾಗ ಅಮ್ಮ ಅವಳ ತಲೆ ಹಿಡಿದುಕೊಳ್ಳುತ್ತಿದ್ದಳು. "ನನ್ನ ಮಗಳು ಎಷ್ಟು ಗಟ್ಟಿಗಿತ್ತಿ ನೋಡಿ, ತಾನಾಗೇ ಒಪ್ಕೊಂಡ್ಲು," ಎಂದು ಪಕ್ಕದ ಮಂಚದವರಿಗೆ ಹೇಳುವಳು. ಅಪ್ಪ ಕಿಟಕಿಯ ಕಡೆ ಮುಖ ಮಾಡುತ್ತಿದ್ದ.

ಐದನೆಯ ಮಂಗಳವಾರ ಬೆಳಿಗ್ಗೆ ಅಮ್ಮ ಸ್ನಾನಕ್ಕೆ ಹೋಗಿದ್ದಳು. ಮಗಳು ಅವನ ಅಂಗಿ ಹಿಡಿದು ಹತ್ತಿರಕ್ಕೆ ಎಳೆದಳು. ಮಾತು ಒಂದೊಂದಾಗಿ ಹೊರಬಂತು.

"ಅಪ್ಪ, ಇಷ್ಟು ದಿನ ಮಾಡಿಸ್ಕೊಂಡ್ನಲ್ಲ... ಈಗ ಬೇಡ ಅಂದ್ರೂ ಅಮ್ಮ ಸಾಯ್ತಾಳಾ?"

ಅವನು ಅಂಗಿ ಬಿಡಿಸಿಕೊಳ್ಳದೆ ಮಂಚದ ಪಕ್ಕ ಮಂಡಿಯೂರಿದ.

"ಇಲ್ಲ ಕಂದ. ನಾನು ಸುಳ್ಳು ಹೇಳ್ದೆ."

ಅವಳು ಸಿಟ್ಟಾಗಲಿಲ್ಲ. ಹಿಡಿದಿದ್ದ ಅಂಗಿ ಬಿಟ್ಟಳು.

"ಹಾಗಾದ್ರೆ ಸಾಕು," ಎಂದಳು.

ಅವನು ನೇರ ಡಾಕ್ಟರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ. ಡಾಕ್ಟರು ಅವತ್ತಿಗೇ ಸೂಜಿ, ಹೊಸ ಔಷಧಿ ಎರಡನ್ನೂ ನಿಲ್ಲಿಸಿ, ಕಡತದಲ್ಲಿ ಬರೆದರು. ಅಲ್ಲೇ ಇದ್ದ ಸಿಸ್ಟರ್ ಅವಳ ಸಹಿಯಿದ್ದ ಹಾಳೆ ತೆಗೆದು ನೋಡಿದರು. "ನಗ್ತಾ ಹೇಳಿದ್ಲಲ್ಲ ಅಣ್ಣ. ನಾನು ಆ ನಗೂನೇ ನಂಬಿಬಿಟ್ಟೆ."

ಮಗಳಿಗೆ ಸಾಕಾಯಿತಂತೆ ಎಂದಷ್ಟೇ ಅವನು ಹೆಂಡತಿಗೆ ಹೇಳಿದ. ಮೂವರೂ ಮನೆಗೆ ಬಂದರು. ನೋವಿಗೆ ಕೊಟ್ಟ ಔಷಧಿ ಹಿಡಿಯಿತು, ಬಾಯಿಯ ಹುಣ್ಣು ಮಾಯಿತು. ಹದಿನೇಳು ದಿನ ಮಗಳು ಮತ್ತೆ ಮಾತಾಡಿದಳು. ಫ್ಯಾನ್ ಯಾವ ಕಡೆ ತಿರುಗುತ್ತದೆ ಎಂಬುದರ ಮೇಲೂ ಅಮ್ಮನ ಜೊತೆ ವಾದಿಸಿದಳು. ಅಪ್ಪ ಹೇಳಿದ ಸುಳ್ಳಿನ ಬಗ್ಗೆ ಮಾತ್ರ ಬಾಯಿ ಬಿಡಲಿಲ್ಲ. ಹದಿನೆಂಟನೆಯ ದಿನ ಮಧ್ಯಾಹ್ನ, ಅಮ್ಮನ ತೊಡೆಯ ಮೇಲೆ ತಲೆಯಿಟ್ಟವಳು ಮತ್ತೆ ಏಳಲಿಲ್ಲ.

ತಿಂಗಳು ಕಳೆಯಿತು. ಒಂದು ದಿನ ಊಟಕ್ಕೆ ಕೂತಾಗ ಹೆಂಡತಿ ಅಂದಳು: "ಅಷ್ಟು ನೋವನ್ನ ತಾನಾಗೇ ಒಪ್ಕೊಂಡ್ಲಲ್ಲ ರೀ. ಅದನ್ನ ನೆನೆಸ್ಕೊಂಡೇ ನಾನು ಜೀವ ಹಿಡ್ಕೊಂಡಿದೀನಿ."

ಅವನು ತುತ್ತು ತಟ್ಟೆಗೆ ಬಿಟ್ಟ. ಮುಚ್ಚಿಡಬಹುದಿತ್ತು, ಆಗಲಿಲ್ಲ. ತಲೆ ತಗ್ಗಿಸಿ ಹೇಳಿ ಮುಗಿಸಿದ.

ಅವಳು ಅಳಲಿಲ್ಲ, ಬೈಯಲೂ ಇಲ್ಲ.

"ನನ್ನ ಹೆಸರು ಹೇಳಿ ಚುಚ್ಚಿಸಿದ್ರಾ?" ಎಂದಳು. "ನಾನು ಅವಳ ತಲೆ ಹಿಡ್ಕೊಂಡಿದ್ದೆ ರೀ. ನನ್ನ ಮುಖಾನೇ ನೋಡ್ತಿದ್ಲು ಅವಳು. ಯಾಕೆ ಹಾಗೆ ನೋಡ್ತಾಳೋ ಅಂತ ಗೊತ್ತಾಗ್ಲೇ ಇಲ್ಲ ನಂಗೆ."

ಎದ್ದು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅವನು ಎಂಜಲು ಒಣಗಿದ ಕೈಯಲ್ಲೇ ಹೊಸ್ತಿಲ ಈಚೆ ಕೂತ.