ಚೊಚ್ಚಲ ಹೊಟ್ಟೆಯ ತಪಾಸಣೆ

ಆ ಹಸಿರು ಪರದೆ ಮತ್ತೆ ಅಲುಗಿತು, ಇಲ್ಲ, ಫ್ಯಾನಿನ ಗಾಳಿ ಅಷ್ಟೆ, ನರ್ಸಮ್ಮ ಒಳಗೆ ಹೋಗಿ ಎಷ್ಟು ಹೊತ್ತಾಯಿತು, ಇಷ್ಟರಲ್ಲಿ ಮಗುವಿನ ಅಳು ಕೇಳಬೇಕಿತ್ತು — ನನ್ನ ಮಗಳು ಹುಟ್ಟಿದ ಕೂಡಲೇ ಓಣಿಗೇ ಕೇಳುವಂತೆ ಕಿರುಚಿದ್ದಳು, ಅಮ್ಮ ನಕ್ಕಿದ್ದಳು, ಪೊಲೀಸ್ ದನಿ ಅಂದ್ರೆ ಇದು ಕೌಶಿಲಾ, ನಿಂದು ಬರೀ ಇಲಿ ದನಿ. ಇವತ್ತು ಬೆಳಿಗ್ಗೆ ಇಲಿಯ ದನಿ ಇರಲಿಲ್ಲ. ಸಾಲಿನಲ್ಲಿ ನಿಂತ ಅಷ್ಟೂ ಮಂದಿಗೆ ಕೇಳುವ ಹಾಗೆ ಕೂಗಿದೆ. ಎಲ್ಲಿ ಅಳು, ಆಸ್ಪತ್ರೆಯ ಈ ಜಗಲಿಯಲ್ಲಿ ಕೂತು ಎರಡು ಗಂಟೆಯಾಯಿತು, ಒಮ್ಮೆ ಅತ್ತುಬಿಡು ಮಗುವೇ, ಒಂದೇ ಸಲ.

ಒಳಗಿರುವವಳು ಸೋನಾವತಿ ಅಂತ, ಮೀನು ಹಿಡಿಯುವವರ ಮನೆ ಸೊಸೆ, ಹತ್ತೊಂಬತ್ತೋ ಇಪ್ಪತ್ತೋ, ಮೊದಲ ಹೆರಿಗೆಗೆ ಅವಳ ತಾಯಿ ಬಂದು ಕರೆದೊಯ್ಯುತ್ತಿದ್ದಳು. ಗಡಿಕಂಬ ದಾಟಿ ಎರಡು ಗದ್ದೆ ಕಳೆದರೆ ತವರು, ಅದು ಬಿಹಾರ, ಇದು ನೇಪಾಳ, ಮಧ್ಯೆ ಯಾರದೂ ಅಲ್ಲದ ನೆಲ, ಅದರ ಈಚೆ ಅಂಚಿನಲ್ಲಿ ಸಮವಸ್ತ್ರ ತೊಟ್ಟು ಆರು ವರ್ಷದಿಂದ ನಾನು. ಹೆಣ್ಣು ಕೊಡುವುದು ತರುವುದು ಎಲ್ಲ ಆಚೆ ಈಚೆಯೇ, ಕಾಗದಪತ್ರ ಯಾರೂ ಕೇಳುವುದಿಲ್ಲ, ಹೆಂಗಸರನ್ನು ತಡವಿ ನೋಡುವುದಷ್ಟೇ ನನ್ನ ಕೆಲಸ. ಆಚೆ ಕುಡಿತ ಬಂದ್ ಆದಾಗಿನಿಂದ ಈಚೆಯ ಹೆಂಗಸರಿಗೆ ಹೊಟ್ಟೆ ಬರತೊಡಗಿದೆ, ಹೆಂಡದ ಪೊಟ್ಟಣಗಳನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿ ಮೇಲೆ ಸೀರೆ. ಹೋದ ತಿಂಗಳು ಅಂಥ ಮೂವರನ್ನು, ಹುಷಾರಾಗಿ ಹೋಗ್ರಕ್ಕ ಎಂದು ನಾನೇ ಕೈಹಿಡಿದು ದಾಟಿಸಿದ್ದೆ, ಆಚೆಯವರು ಹಿಡಿದರು. ಪುನ್ ಸಾಹೇಬರು, ನಮ್ಮ ಠಾಣೆಯ ಮುಖ್ಯಸ್ಥರು, ಊಟದ ಹೊತ್ತಿನಲ್ಲಿ ಎಲ್ಲರೆದುರು — ಏನಮ್ಮಾ ಸೂಲಗಿತ್ತಿ, ನಿನ್ನ ಬಸುರಿಯರು ಹೆತ್ತರಂತೆ, ಅರವತ್ತು ಪೊಟ್ಟಣ, ತಾಯಿ ಮಕ್ಕಳು ಕ್ಷೇಮವಂತೆ, ಮಿಠಾಯಿ ಎಲ್ಲಿ? ಅಡುಗೆಯವನೂ ಸೂಲಗಿತ್ತಿಗೆ ಇನ್ನೊಂದು ಸೌಟು ದಾಲ್ ಎಂದ. ತಿಂಗಳಿಡೀ ಅದೇ ಹೆಸರು. ಮೈ ಉರಿಯುತ್ತಿತ್ತು ನನಗೆ, ಒಬ್ಬಳಾದರೂ ಸಿಕ್ಕಲಿ ಎಂದು ಕಾಯುತ್ತಿದ್ದೆ, ಅದು ಸುಳ್ಳಲ್ಲ.

ಇವತ್ತು ಸೋನಾವತಿಗೆ ಸೀರೆ ಸರಿಸು ಎಂದೆ, ತಾಯಿ ಅಡ್ಡ ಬಂದಳು, ಬೇಡ ಮೇಡಂ, ಚೊಚ್ಚಲ ಹೊಟ್ಟೆ, ಹೊರಗಿನ ಕೈ ತಾಗಬಾರ್ದು, ಕಣ್ಣು ಬೀಳುತ್ತೆ, ನೀವೂ ನಮ್ಮ ಕಡೆಯವರೇ, ನಿಮಗೆ ಗೊತ್ತಿಲ್ವಾ? ಗೊತ್ತು. ನಾನು ಬಸುರಿಯಿದ್ದಾಗ ಅಮ್ಮ ಸೊಂಟಕ್ಕೆ ಕಬ್ಬಿಣದ ಕೀಲಿಕೈ ಕಟ್ಟಿದ್ದಳು, ಅತ್ತಿಗೆಯನ್ನೂ ಮುಟ್ಟಗೊಡಲಿಲ್ಲ. ಗುಡ್ಡದಿಂದ ಬಂದ ಪುನ್ ಸಾಹೇಬರಿಗೆ ಇಂಥದ್ದು ತಿಳಿಯದು ಎಂದೇ ನನ್ನನ್ನು ಅಲ್ಲಿ ನಿಲ್ಲಿಸಿರುವುದು. ಆದರೆ ಆ ಮೂವರೂ ಇದನ್ನೇ ಹೇಳಿದ್ದರು, ಇದೇ ಚೊಚ್ಚಲು, ಇದೇ ಕಣ್ಣು — ಹಾಗಾದ್ರೆ ಇಲ್ಲೇ ನಿಂತಿರಿ, ಸರಿಸೋ ತನಕ ನಿಂತಿರಿ ಎಂದೆ. ಎಂಟೂವರೆಯಿಂದ ಹತ್ತೂವರೆ, ನೆತ್ತಿ ಸುಡುವ ಬಿಸಿಲು, ಅವಳು ಆ ಕಾಲಿಂದ ಈ ಕಾಲಿಗೆ ಭಾರ ಬದಲಿಸುತ್ತಿದ್ದಾಳೆ, ಬೆಂಚು ಖಾಲಿ ಇದೆ, ಕೂರು ಎನ್ನಲಿಲ್ಲ ನಾನು, ಸೊಂಟ ಹಿಡ್ಕೊಂಡಿದೆ ದೀದಿ ಎಂದಳು, ಎಷ್ಟು ಚೆನ್ನಾಗಿ ನಾಟಕವಾಡುತ್ತಾಳೆ ಅಂದುಕೊಂಡೆ. ಆಮೇಲೆ ಅವಳ ಪಾದಗಳ ನಡುವೆ ನೀರು, ಧೂಳು ಕಪ್ಪಾಗುತ್ತಾ ಹರಡಿತು, ನಾನು — ನೋಡಿ ಸಾಹೇಬ್ರೇ, ಪೊಟ್ಟಣ ಒಡೀತು! — ಸಾಲಿಗೆ ಸಾಲೇ ನಕ್ಕಿತು, ಪುನ್ ಸಾಹೇಬರು ಭೇಷ್ ಎಂದರು, ಒಂದು ಗಳಿಗೆ, ದೇವರೇ, ಆ ಒಂದು ಗಳಿಗೆ ನನಗೆ ಸಂತೋಷವಾಗಿತ್ತು. ಬಗ್ಗಿ ಬೆರಳದ್ದಿ ಮೂಸಿದೆ. ಹೆಂಡವಲ್ಲ. ಹೆತ್ತವಳಿಗೆ ಗೊತ್ತಾಗದ ವಾಸನೆಯೇ ಅದು? ತಲೆಯೆತ್ತಿದರೆ ಅವಳು ನನ್ನನ್ನೇ ನೋಡುತ್ತಿದ್ದಾಳೆ, ಜನ ಇನ್ನೂ ನಗುತ್ತಲೇ ಇದ್ದರು, ಧೂಳಿನಲ್ಲಿ ಆ ಕಪ್ಪು ಹರಡುತ್ತಲೇ ಇತ್ತು.

ವ್ಯಾನಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು, ಹತ್ತುವಾಗ ಪುನ್ ಸಾಹೇಬರು ಕಿವಿಯ ಹತ್ತಿರ ಬಂದು, ಅವಳು ಬಂದ ಕೂಡ್ಲೇ ಆಸ್ಪತ್ರೆಗೆ ಕಳಿಸಿದ್ವಿ ಅಂತ ಬರೆಯೋಣ, ನೀನು ಬಾಯಿ ಬಿಡಬೇಡ ಎಂದರು. ನಾನು ಸುಮ್ಮನೆ ತಲೆಯಾಡಿಸಿದೆ, ಯಾಕೆ ಆಡಿಸಿದೆ? ನರ್ಸಮ್ಮ ಬಂದವಳೇ ಬೈದಳು, ಹೊಕ್ಕುಳಬಳ್ಳಿ ಮಗುವಿಗಿಂತ ಮುಂಚೆ ಜಾರಿದೆ, ನೋವಿನ ಹುಡುಗೀನ ಯಾರ್ರೀ ಅಷ್ಟು ಹೊತ್ತು ನಿಲ್ಲಿಸಿದ್ದು, ಮಲಗಿಸೋದಲ್ವಾ? ಯಾರು ಎಂದು ನಾನು ಹೇಳಲಿಲ್ಲ. ತಾಯಿಯೂ ಹೇಳಲಿಲ್ಲ, ನನ್ನ ಬೆಲ್ಟು ನೋಡಿದಳು, ಲಾಠಿ ನೋಡಿದಳು, ಬಿಸಿಲಿಗೆ ಹೀಗಾಯ್ತು ಅಂದಳು. ಹೇಳುತ್ತೇನೆ, ಮಗು ಒಮ್ಮೆ ಅಳಲಿ, ಎದ್ದು ಒಳಗೆ ಹೋಗಿ ನಾನೇ ಎಂದು ಹೇಳುತ್ತೇನೆ, ಸಾಹೇಬರು ಏನು ಬೇಕಾದರೂ ಬರೆದುಕೊಳ್ಳಲಿ, ಅಳಲಿ ಮೊದಲು —

ಪರದೆ ಸರಿಯಿತು. ಸೋನಾವತಿಯ ತಾಯಿ. ಕೈಯಲ್ಲಿ ಹಳದಿ ಬಟ್ಟೆಯ ಗಂಟು, ಎಷ್ಟು ಚಿಕ್ಕದು, ಹಿಂದೆಯೇ ನರ್ಸಮ್ಮ, ಹುಡುಗಿ ಉಳಿದಳು, ಅಷ್ಟೇ ನನ್ನ ಕೈಲಾಗಿದ್ದು ಎಂದಳು. ತಾಯಿ ನೆಟ್ಟಗೆ ಮೆಟ್ಟಿಲ ಕಡೆ ಹೊರಟವಳು ನನ್ನ ಸಮವಸ್ತ್ರ ಕಂಡದ್ದೇ ನಿಂತಳು, ಹೆದರಿದಳು, ನನಗೆ ಹೆದರಿದಳು, ನಾನು ಏನೂ ಕೇಳಲಿಲ್ಲ, ಅವಳೇ ನನ್ನ ಬೂಟುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಗಂಟನ್ನು ನೆಲಕ್ಕಿಟ್ಟಳು, ನೋಡ್ಕೊಳ್ಳಿ ಮೇಡಂ, ಮಣ್ಣು ಮಾಡೋಕೆ ಹೊಳೆದಂಡೆಗೆ ಒಯ್ತಿದೀನಿ, ಬೇರೇನೂ ಇಲ್ಲ ಇದ್ರಲ್ಲಿ, ಈಗ ಮುಟ್ಟಬಹುದು. ಬೇಡಮ್ಮಾ ಎನ್ನಬೇಕು, ಅವಳ ಬೆರಳುಗಳು ಬಿಚ್ಚುತ್ತಿವೆ, ಹಳದಿ ಬಟ್ಟೆ, ಒಂದು ಮಡಿಕೆ, ಬೇಡ, ಇನ್ನೊಂದು ಮಡಿಕೆ, ಈಗ ಮುಟ್ಟಬಹುದು ಮೇಡಂ, ಇನ್ನೊಂದು ಮಡಿಕೆ, ಇನ್ನೊಂದು