ತಣ್ಣೀರಿನ ತೊಟ್ಟಿ

ಬೆಳಿಗ್ಗೆ ಒಂಬತ್ತೂವರೆಗೆ ಯಂತ್ರದ ಪರದೆಯ ಮೇಲೆ ಎರಡು ಅಂಕಿ ಮೂಡಿದವು. ಬೆಚ್ಚನೆಯ ನೀರಿನಲ್ಲಿಟ್ಟ ಚಿಪ್ಪುಮೀನಿಗೆ ಮೂವತ್ತೊಂದು. ತಣ್ಣೀರಿನಲ್ಲಿಟ್ಟಿದ್ದಕ್ಕೆ ನೂರಾ ತೊಂಬತ್ತು. ಎಂಬತ್ತು ದಾಟಿದರೆ ಅದನ್ನು ತಿನ್ನುವಂತಿಲ್ಲ, ವಿಷ.

ಬಂದರಿನವರೆಲ್ಲ ಪರೀಕ್ಷೆಯಮ್ಮ ಎಂದೇ ಕರೆಯುತ್ತಿದ್ದ ಪ್ರಯೋಗಾಲಯದಾಕೆ ಕನ್ನಡಕ ತೆಗೆದು ಕೋಟಿನ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡಳು. ಅಂಕಿ ಅಲ್ಲಾಡಲಿಲ್ಲ. ಇನ್ನೊಂದು ಸಲ ಓಡಿಸಿ ನೋಡಿದಳು. ಅದೇ! ಕುರ್ಚಿ ಹಿಂದಕ್ಕೆ ಉರುಳಿದ್ದೂ ಗೊತ್ತಾಗದೆ ಎದ್ದು, ನೆಲ ಒರೆಸುತ್ತಿದ್ದ ಹೆಂಗಸಿನ ಎರಡೂ ಕೈ ಹಿಡಿದು ಒಂದು ಸುತ್ತು ತಿರುಗಿಸಿಬಿಟ್ಟಳು.

"ಅಯ್ಯೋ ಬಿಡಿ ಅಮ್ಮಾ, ನೆಲ ಒದ್ದೆ ಇದೆ! ಏನಾಯ್ತು ಅಂತ ಹೇಳಿ ಮೊದ್ಲು."

"ಎಲ್ಲಾ ಉಲ್ಟಾ ಕಣಮ್ಮ, ಎಲ್ಲಾ ಉಲ್ಟಾ!"

ಸಂಗತಿ ಏನೆಂದರೆ, ಸಮುದ್ರ ಬಿಸಿಯಾದಾಗ ನೀರಿನಲ್ಲಿ ಕಣ್ಣಿಗೆ ಕಾಣದ ಒಂದು ಜಾತಿಯ ಪಾಚಿ ಹುಚ್ಚೆದ್ದು ಬೆಳೆಯುತ್ತದೆ. ಚಿಪ್ಪುಮೀನು ಅದನ್ನೇ ಸೋಸಿ ತಿನ್ನುತ್ತದೆ, ವಿಷ ಅದರ ಮೈಗೆ ಸೇರುತ್ತದೆ. ಇಷ್ಟು ಬಂದರಿನಲ್ಲಿ ಎಲ್ಲರಿಗೂ ಗೊತ್ತು. ನೀರು ತಣ್ಣಗಾದರೆ ಪಾಚಿ ಸಾಯುತ್ತದೆ, ಇದೂ ಗೊತ್ತು. ಹಾಗಾದರೆ ತಣ್ಣೀರಿನಲ್ಲಿ ಚಿಪ್ಪಿನೊಳಗಿನ ವಿಷವೂ ಹೋಗುತ್ತದೆ ಎಂದು ಎಲ್ಲರೂ ತೀರ್ಮಾನ ಮಾಡಿ ಕೂತಿದ್ದರು. ನೋಡಿದವರು ಯಾರು? ಒಬ್ಬರೂ ಇಲ್ಲ. ಸರಿ, ನೋಡೇಬಿಡೋಣ ಎಂದು ಅವಳು ಹನ್ನೆರಡು ದಿನದ ಹಿಂದೆ ಸಮುದ್ರದಲ್ಲಿ ಇಳಿಬಿಟ್ಟ ಒಂದೇ ಹಗ್ಗಕ್ಕೆ ಅಂಟಿ ಬೆಳೆದ ವಿಷದ ಚಿಪ್ಪುಗಳನ್ನು ಕಿತ್ತು ಎರಡು ತೊಟ್ಟಿಗೆ ಹಂಚಿದ್ದಳು. ಶುದ್ಧ ನೀರು, ಎರಡಕ್ಕೂ ಒಂದೇ ಆಹಾರ, ವ್ಯತ್ಯಾಸ ಬರೀ ಬಿಸಿಯದು. ಬೆಚ್ಚಗಿದ್ದವು ಬಾಯಿ ತೆರೆದು, ತಿಂದು, ಉಗಿದು, ಮೈ ಹಗುರ ಮಾಡಿಕೊಂಡವು. ತಣ್ಣೀರಿನವು ಮುನಿಸಿಕೊಂಡ ನೆಂಟರ ಹಾಗೆ ಬಾಯಿ ಬಿಗಿದುಕೊಂಡು, ವಿಷವನ್ನು ಹೊಟ್ಟೆಯಲ್ಲೇ ಜೋಪಾನ ಮಾಡಿಕೊಂಡಿದ್ದವು.

ಇಷ್ಟನ್ನೂ ಅವಳು ಒಂದೇ ಉಸಿರಿಗೆ ಹೇಳಿದಳು. ಹೆಂಗಸು ಒರೆಸುವ ಬಟ್ಟೆ ಹಿಂಡುತ್ತಾ ಕೇಳಿದಳು, "ಅಂದ್ರೆ ತಣ್ಣೀರಲ್ಲಿಟ್ಟ ಚಿಪ್ಪು ತಿನ್ನಬಾರ್ದು ಅಂತಾಯ್ತು. ಮತ್ತೆ ನಿಮ್ಮಣ್ಣ?"

ಪರೀಕ್ಷೆಯಮ್ಮ ತಟ್ಟನೆ ಫೋನಿಗೆ ಕೈ ಹಾಕಿದಳು.

ಅವಳ ಅಣ್ಣ ಸಮುದ್ರದಲ್ಲಿ ಹಗ್ಗ ಇಳಿಬಿಟ್ಟು ಚಿಪ್ಪುಮೀನು ಬೆಳೆಯುವವನು. ಎರಡು ವಾರದ ಹಿಂದೆ ಚಹಾ ಕುಡಿಯುತ್ತಾ, "ವಿಷ ಬೇಗ ಇಳಿಯೋಕೆ ಏನು ಮಾಡ್ಲಿ?" ಎಂದು ಕೇಳಿದ್ದ. ಇವಳು ತಲೆಯನ್ನೂ ಎತ್ತದೆ, "ತಣ್ಣೀರಲ್ಲಿಡು" ಎಂದುಬಿಟ್ಟಿದ್ದಳು. ಅವನು ದೊಡ್ಡ ತೊಟ್ಟಿ ಕಟ್ಟಿಸಿ, ತಂಪು ಮಾಡುವ ಯಂತ್ರ ಕೂರಿಸಿ, ಅಕ್ಷರಶಃ ಪಾಲಿಸಿದ್ದ. ಇವತ್ತು ಹತ್ತು ಗಂಟೆಗೆ ಹಂಗಾಮಿನ ಮೊದಲ ತಟ್ಟೆ. ತಿನ್ನಲು ಯೋಗ್ಯ ಎನ್ನುವ ಇಲಾಖೆಯ ಚೀಟಿ ಬರುವುದು ಸಂಜೆಗೆ. ಅದಕ್ಕೂ ಮುಂಚೆ, ಬೆಳೆದವನು ಕೊಳ್ಳುವವರ ಎದುರು ನಿಂತು ತನ್ನ ಚಿಪ್ಪನ್ನು ತಾನೇ ತಿಂದು ತೋರಿಸಬೇಕು. ಅದು ಆ ಕಸುಬಿನ ಮರ್ಯಾದೆ.

ಅಣ್ಣನ ಫೋನ್ ರಿಂಗಾಗಿ ರಿಂಗಾಗಿ ನಿಂತಿತು. ಗಡಿಯಾರ ಹತ್ತಕ್ಕೆ ಎಂಟು ನಿಮಿಷ ಬಾಕಿ ತೋರಿಸುತ್ತಿತ್ತು.

ಅವಳು ಓಡಿದಳು. ಐವತ್ತರ ಹತ್ತಿರದ ಹೆಂಗಸು, ಬಿಳಿ ಕೋಟು, ಕಾಲಿಗೆ ರಬ್ಬರ್ ಚಪ್ಪಲಿ! ಮಂಜುಗಡ್ಡೆ ಕಾರ್ಖಾನೆ, ಬಲೆ ಹೊಲಿಯುವ ಶೆಡ್ಡು, ಡೀಸೆಲ್ ಪಂಪು ಎಲ್ಲ ಹಿಂದೆ ಬಿದ್ದವು. ಒಂದು ಚಪ್ಪಲಿಯೂ ಎಲ್ಲೋ ಹಿಂದೆ ಬಿತ್ತು. ದೋಣಿ ನಿಲ್ಲುವ ದಕ್ಕೆಯ ತುದಿಯಲ್ಲಿ ಹತ್ತಿಪ್ಪತ್ತು ಜನ, ನಡುವೆ ಹಬೆಯಾಡುವ ತಟ್ಟೆ ಹಿಡಿದ ಅಣ್ಣ.

"ಬಂದ್ಲು ನೋಡಿ ನನ್ನ ತಂಗಿ! ತಣ್ಣೀರಿನ ಉಪಾಯ ಇವಳದೇ."

"ಅಣ್ಣಾ, ಕೆಳಗಿಡು! ತಿನ್ಬೇಡ!"

"ಶುರುವಾಯ್ತಪ್ಪ," ಎಂದು ಅವನು ಜನರ ಕಡೆ ಕಣ್ಣು ಮಿಟುಕಿಸಿದ. ಜನ ನಕ್ಕರು. "ಇಪ್ಪತ್ತು ನಿಮಿಷ ಕುದಿಸಿದ್ದೀನಿ ಕಣೇ."

"ದಿನವಿಡೀ ಕುದಿಸಿದ್ರೂ ಈ ವಿಷ ಹೋಗಲ್ಲ. ಮೊದ್ಲು ತುಟಿ ಜೋಮು ಹಿಡಿಯುತ್ತೆ, ಆಮೇಲೆ ಉಸಿರೇ ನಿಲ್ಲುತ್ತೆ. ನನ್ನ ತಣ್ಣೀರಿನ ತೊಟ್ಟೀಲಿ ನೂರಾ ತೊಂಬತ್ತು ಬಂದಿದೆ!"

"ಅದು ನಿನ್ನ ತೊಟ್ಟಿ. ಇದು ನಂದು. ಇಷ್ಟು ಜನರ ಮುಂದೆ ತಟ್ಟೆ ಇಳಿಸಿದ್ರೆ ನನ್ನ ಮುಖ ಯಾರು ನೋಡ್ತಾರೆ?" ನಗು ಮಾಯವಾಗಿತ್ತು. ಚಿಪ್ಪು ಬಿಡಿಸಿದ. ಬಾಯಿಯ ಹತ್ತಿರ ತಂದ.

ಅಂಕಿಸಂಖ್ಯೆ ಹೇಳಿ ಪ್ರಯೋಜನವಿಲ್ಲ ಎಂದು ಅವಳಿಗೆ ಹೊಳೆಯಿತು. ಉಳಿದಿದ್ದು ಒಂದೇ ಮಾತು. ಅದನ್ನು ಹೇಗೋ ಹೊರಗೆ ಹಾಕಿದಳು.

"ನಾನು ತಪ್ಪು ಹೇಳಿದ್ದೆ ಅಣ್ಣ. ನಂದೇ ತಪ್ಪು."

ಚಿಪ್ಪು ಹಿಡಿದ ಕೈ ಅಲ್ಲೇ ನಿಂತಿತು. "ಏನಂದೆ?"

"ನೋಡದೆ ಹೇಳ್ಬಿಟ್ಟೆ. ತಪ್ಪು ನಂದು."

ಅಣ್ಣನ ಮುಖ ಬಿಳುಚಿಕೊಂಡಿತು. ಚಿಪ್ಪನ್ನು ಕೆಂಡ ಹಿಡಿದವನಂತೆ ತಟ್ಟೆಗೆ ಬಿಟ್ಟು, ತಟ್ಟೆಯನ್ನು ನೆಲಕ್ಕಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. "ಯಾರೂ ಮುಟ್ಬೇಡಿ!" ಎಂದು ಜನರ ಮೇಲೆ ಕೂಗಿದ. "ಹುಟ್ಟಿದಾಗಿಂದ ನೋಡ್ತಿದ್ದೀನಿ, ಈ ಮಾತು ಇವಳ ಬಾಯಿಂದ ಬಂದಿದ್ದೇ ಇಲ್ಲ. ಮನೇಲಿ ಹೂಜಿ ಒಡೆದಾಗ್ಲೂ ಹೂಜಿದೇ ತಪ್ಪು ಅಂದೋಳು! ಇವಳೇ ಒಪ್ಕೊಂಡಿದ್ದಾಳೆ ಅಂದ್ರೆ ಇದು ವಿಷಾನೇ, ಸಂಶಯವೇ ಬೇಡ."

ಈ ಸಲ ಯಾರೂ ನಗಲಿಲ್ಲ. ಪಕ್ಕದ ಚಿಪ್ಪಿನ ಬುಟ್ಟಿಗಳಿಗೆ ಕೈ ಹಾಕಿದ್ದವರು ಮೆಲ್ಲಗೆ ಕೈ ತೆಗೆದರು. ಅಣ್ಣ ಬಂದು ತಂಗಿಯ ಕೆನ್ನೆ ಹಿಡಿದುಕೊಂಡ.

"ಕೈ ತೊಳ್ಕೊಂಡು ಮುಟ್ಟೋ," ಎಂದು ಅವಳು ಬಿಕ್ಕಿ ಬಿಕ್ಕಿ ಅಳುತ್ತಲೇ ಗದರಿದಳು.